ಅಜ್ಜಿ ಹೇಳದೇ ಉಳಿದ ಹೆಸರು

ಹೋಬಾರ್ಟ್, ಟಾಸ್ಮೇನಿಯಾ
ಮಾರ್ಚ್ 1889

ಪ್ರೀತಿಯ ಆ್ಯಂಬ್ರೋಸ್ ಅಣ್ಣನಿಗೆ,

ನಿನಗೆ ಅತ್ತೆಯಾಗುವವರು ನಿನ್ನೆ ಮನೆಗೆ ಬಂದಿದ್ದರು. ನೀನು ಹೇಳಿದಂತೆ ಅಜ್ಜಿಯನ್ನು ಹಿಂದಿನ ಕೋಣೆಯಲ್ಲೇ ಕೂರಿಸಿದ್ದೆ. ಚಹಾದ ಹೊತ್ತಿಗೆ ಅವಳೇ ಎದ್ದು ಬಂದು ನಮ್ಮ ಜೊತೆ ಕುಳಿತಳು.

"ಇಂಗ್ಲೆಂಡಿಂದ ಯಾವಾಗ ಬಂದ್ರಿ ಅಜ್ಜಿ?" ಎಂದು ಅವರು ಕೇಳಿದರು.

"ಇಪ್ಪತ್ತು ವರ್ಷದವಳಿದ್ದಾಗ ಕಣಮ್ಮ. ನಾನಾಗಿ ಬರ್ಲಿಲ್ಲ, ಕೈದಿಗಳ ಹಡಗಲ್ಲಿ ಹಾಕಿ ಕಳಿಸಿದ್ರು. ಒಂದು ಕಂಬಳಿ ಕದ್ದಿದ್ದೆ."

ನಿನ್ನ ಮದುವೆ ಮುರಿದೇಹೋಯಿತು ಎಂದುಕೊಂಡೆ. ಅವರು ಬಟ್ಟಲು ಕೆಳಗಿಟ್ಟು, "ಕಂಬಳಿ ಯಾಕೆ ಬೇಕಾಗಿತ್ತು?" ಎಂದರು.

"ಮಗುಗೆ ಚಳಿ ಆಗ್ತಿತ್ತು."

ಅಪ್ಪ ಹುಟ್ಟಿದ್ದು ಅಜ್ಜಿ ಇಲ್ಲಿಗೆ ಬಂದ ಮೇಲೆ, ಅಲ್ಲವೇ ಅಣ್ಣ? ಅದಕ್ಕೂ ಮೊದಲು ಅವಳಿಗೊಂದು ಹೆಣ್ಣುಮಗು ಇತ್ತಂತೆ. ಹಡಗು ಹತ್ತಿಸುವಾಗ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಅನಾಥಾಲಯಕ್ಕೆ ಕೊಟ್ಟರಂತೆ. ಆಮೇಲೆ ಸುದ್ದಿಯೇ ಇಲ್ಲ. ಕಳ್ಳತನದ ಮಾತು ಎತ್ತಬಾರದೆಂದು ನಾವೆಲ್ಲ ಅವಳ ಬಾಯಿ ಮುಚ್ಚಿಸುತ್ತಿದ್ದೆವು. ಆ ಮಗುವಿನ ಮಾತೂ ಅದರೊಳಗೇ ಮುಚ್ಚಿಹೋಗಿತ್ತು.

ನಿನ್ನ ಅತ್ತೆ ಸಂಜೆಯವರೆಗೂ ಅಜ್ಜಿಯ ಕೈ ಹಿಡಿದು ಕುಳಿತಿದ್ದರು. ಹೊರಡುವಾಗ, "ಮದುವೆ ದಿನ ಚರ್ಚಲ್ಲಿ ಅಜ್ಜಿ ನನ್ನ ಪಕ್ಕದಲ್ಲೇ ಕೂತ್ಕೋಬೇಕು" ಎಂದರು.

ಅವಳ ಟೋಪಿ ಮಾಸಿಹೋಗಿದೆ, ಮೆಲ್ಬರ್ನಿನಿಂದ ಬರುವಾಗ ಹೊಸದೊಂದು ತಾ. ಮದುವೆಗೆ ಅವಳನ್ನು ನೀನೇ ಬಂದು ಕರೆ. ಅಜ್ಜಿ ನಿನ್ನೆ ಹೇಳಿದ ಆ ಮಗುವಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನೀನೇ ಕೇಳು. ಅದನ್ನು ಹೇಳುವಾಗ ಅವಳ ಮುಖವನ್ನು ನೀನು ನೋಡಬೇಕು.

ನಿನ್ನ ತಂಗಿ,
ಲೆಟಿಷಾ