ಊರಲ್ಲಿಲ್ಲದ ಎಂಬತ್ತೆಂಟು ಮಂದಿ

ತಿರ್ಲಾಪುರ
9 ಫೆಬ್ರುವರಿ 2025

ನಮ್ಮ ಮನೆತನದ ಮೊದಲ ಡಾಕ್ಟರು, ಚಿರಂಜೀವಿ ನೇತ್ರವ್ವಾ,

ನಿನ್ನ ಹೊಳೆಪ್ಪ ಕಾಕಾನ ಆಶೀರ್ವಾದ. ದಿಲ್ಲಿಯ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು. ಊರಿನವರಿಗೆಲ್ಲ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿಸಿದವಳು, ನೀನು ಮಾತ್ರ ನುಂಗುವುದಿಲ್ಲ. ನಾನು ಆರಾಮ ಇದ್ದೇನೆ, ಮೊಣಕಾಲೊಂದು ಬಿಟ್ಟು.

ಬಸುರಿಯರ ರಕ್ತಹೀನತೆಯ ನಿನ್ನ ಅಧ್ಯಯನಕ್ಕೆ ನಮ್ಮ ಕಡೆಯಿಂದ ಏನೇನು ಹೋಯಿತೆಂದು ಮೊನ್ನೆ ಕೂತು ಕೂಡಿಸಿದೆ. ನೀನು ಬಿಟ್ಟು ಬಂದ ಹುಬ್ಬಳ್ಳಿಯ ದವಾಖಾನೆ ನೌಕರಿ, ಮೂರು ವರ್ಷ, ಹನ್ನೊಂದು ಹಳ್ಳಿ, ಐನೂರು ಬಸುರಿಯರ ಬೆರಳ ರಕ್ತ. ಮತ್ತೆ ನನ್ನ ಮಾತು. ಅದನ್ನು ನಿನ್ನ ವರದಿಯಲ್ಲಿ ಬರೆದಿಲ್ಲ. ನನ್ನ ಹಿಟ್ಟಿನ ಗಿರಣಿಗೆ ಬೀಸಲು ಬಂದ ಅತ್ತೆಯರಿಗೆಲ್ಲ "ನಮ್ಮ ಹುಡುಗಿ ರೀ, ಸೊಸೀನ್ನ ಕಳಸ್ರಿ, ರಕ್ತ ಕಡಿಮಿ ಇದ್ದರ ಆಕೀನ ನೋಡ್ಕೋತಾಳ" ಎಂದು ಹೇಳಿದವನು ನಾನು. ಮೂರನೇ ಇಯತ್ತೆ ಓದಿದವನ ಮಾತು ನಂಬಿ ಅವರು ಬೆರಳು ಮುಂದೆ ಮಾಡಿದರು.

ಧಾರವಾಡದ ಸಭೆಯಲ್ಲಿ ವರದಿಯ ಪುಸ್ತಕ ಹಂಚಿದರಲ್ಲ, ಅದರಲ್ಲಿ ನಾನು ಓದಿದ್ದು ಅಂಕಿಗಳನ್ನು ಮಾತ್ರ. ಸೇರಿಸಿಕೊಂಡವರು ಐನೂರು. ಕೊನೆವರೆಗೆ ನೋಡಿದವರು ನಾನೂರ ಹನ್ನೆರಡು. ಅವರಲ್ಲಿ ಸತ್ತ ತಾಯಂದಿರು ಸೊನ್ನೆ. ಆ ಸೊನ್ನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಉಳಿದ ಎಂಬತ್ತೆಂಟು ಮಂದಿಯ ಮುಂದೆ 'ಊರಲ್ಲಿಲ್ಲ' ಎಂದಿದೆ. ಎಲ್ಲಿಗೆ ಹೋದರು ನೇತ್ರವ್ವಾ? ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ನಿನ್ನ ಎರಡನೇ ಪರೀಕ್ಷೆ ಇರುವುದು ಎಂಟನೇ ತಿಂಗಳಿಗೆ. ನಿನ್ನ ಅವ್ವ ನಿನ್ನನ್ನು ಹಡೆದದ್ದೂ ತವರಿನಲ್ಲೇ. ಆಗ ನಿನ್ನ ಅಧ್ಯಯನದ ಈ ಫಾರ್ಮು ಇದ್ದಿದ್ದರೆ ನೀನೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಪುಸ್ತಕದ ಮುಖಪುಟದಲ್ಲಿ ಬೆರಳು ಚಾಚಿ ನಗುತ್ತಿರುವವಳು ಮೈಲಾರವ್ವ, ನಮ್ಮ ಓಣಿಯ ಭೀಮೇಶನ ಹೆಂಡತಿ. ರಕ್ತ ಹನ್ನೊಂದು ಇರಬೇಕಾದಲ್ಲಿ ಆರೂವರೆ ಇತ್ತು. ಕುಬಸ ಮುಗಿಸಿ ತಂಬೂರಿನ ತವರಿಗೆ ಹೋದಳು. ಅಲ್ಲಿ ಹಡೆದಳು, ರಕ್ತ ನಿಲ್ಲಲಿಲ್ಲ, ಗಾಡಿ ದವಾಖಾನೆ ಮುಟ್ಟುವುದರೊಳಗೆ ತೀರಿಕೊಂಡಳು. ಕೂಸು ಉಳಿದಿದೆ, ಹೆಣ್ಣು. ಹೋದ ವಾರ ಭೀಮೇಶ ಆ ಪುಸ್ತಕ ಹಿಡಿದು ಗಿರಣಿಗೆ ಬಂದ. ಮುಖಪುಟಕ್ಕೆ ಹತ್ತಿದ ಹಿಟ್ಟನ್ನು ಅಂಗಿಯ ತೋಳಿನಿಂದ ಒರೆಸಿ ಕೇಳಿದ: "ಕಾಕಾರ, ಮ್ಯಾಲ ನಮ್ಮಾಕಿ ಅದಾಳ. ಒಳಗ ಎಲ್ಲಿ ಅದಾಳ್ರಿ?" ನಾನು ಗಿರಣಿ ಚಾಲೂ ಮಾಡಿದೆ.

ಫೋನಿನಲ್ಲಿ ಇದನ್ನು ಹೇಳಿದಾಗ ನೀನು "ಅದು ಸುನಿತಾನ ತಪ್ಪು ಕಾಕಾ, ಆಕಿ ಹುಡುಕ್ಕೊಂಡು ಹೋಗಬೇಕಿತ್ತು" ಎಂದೆ. ಮನೆಮನೆ ತಿರುಗಿ ರಕ್ತ ತೆಗೆದ ಆ ಹುಡುಗಿಯನ್ನು ಕೆಲಸದಿಂದ ಬಿಡಿಸಿ, ಅದೇ ಫಾರ್ಮು ಹಿಡಿದು ಅಧ್ಯಯನವನ್ನು ಐದು ಜಿಲ್ಲೆಗೆ ಒಯ್ಯಲು ಹೊರಟಿದ್ದೀಯೆ. ಮುಂದಿನ ತಿಂಗಳು ಫಾರ್ಮು ಅಚ್ಚಿಗೆ ಹೋಗುತ್ತದಂತೆ. ಅದಕ್ಕೆ ಮೊದಲು ತವರೂರು ಯಾವುದೆಂದು ಕೇಳುವ ಸಾಲೊಂದನ್ನು ಹಾಕು. ಹಳೆಯ ವರದಿಯ ಸೊನ್ನೆಯನ್ನು ಒಂದು ಮಾಡು. ಉಳಿದ ಎಂಬತ್ತೇಳು ಮಂದಿ ಏನಾದರೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ನಿನ್ನ ಕಾಕಿ ಕೆಂಪು ಖಾರ ಕುಟ್ಟಿ ಕಟ್ಟಿಟ್ಟಿದ್ದಾಳೆ. ಹೊತ್ತಿಗೆ ಉಣ್ಣು, ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗು.

ನಿನ್ನ
ಹೊಳೆಪ್ಪ ಕಾಕಾ

ತಾ.ಕ.: ಮೈಲಾರವ್ವನ ಎಂಟನೇ ತಿಂಗಳಿಗೆ ಸುನಿತಾ ನನ್ನನ್ನು ಕೇಳಿದ್ದಳು. "ತಂಬೂರಿಗೆ ಎರಡು ಬಸ್ ಬದಲಿಸಬೇಕ್ರಿ ಕಾಕಾ, ಹೋಗಿ ಬರ್ಲೇನ್ರಿ?" ಎಂದಳು. "ಬ್ಯಾರೆ ತಾಲೂಕಿನ ಉಸಾಬರಿ ನಿನಗ್ಯಾಕಬೇ, ಊರಾಗಿಲ್ಲ ಅಂತ ಬರಿ" ಎಂದವನು ನಾನು. ನಿನ್ನ ಲೆಕ್ಕ ಚೊಕ್ಕ ಇರಲಿ ಎಂಬ ಆಸೆ. ಫೋನಿನಲ್ಲಿ ಇದೊಂದು ಬಾಯಿಗೆ ಬರಲಿಲ್ಲ. ಆಕೆಯನ್ನು ಮತ್ತೆ ಕೆಲಸಕ್ಕೆ ಕರೆದುಕೋ. ಯಾರಿಗೆ ಏನು ಸಿಕ್ಕಿತೆಂದು ನೀನೇ ನೋಡು: ನಿನಗೆ ಐದು ಜಿಲ್ಲೆ. ನನಗೆ ಸಭೆಯಲ್ಲಿ ಹೊದಿಸಿದ ಶಾಲು. ಸುನಿತಾಗೆ ನನ್ನ ತಪ್ಪು. ಭೀಮೇಶನಿಗೆ ಒಂದು ಪುಸ್ತಕ. ಕೂಸಿಗೆ ಅಜ್ಜಿ. ಮೈಲಾರವ್ವನಿಗೆ ಒಂದು ಪದ, ಊರಲ್ಲಿಲ್ಲ.