ಸೊಟ್ಟ ಏಳು

ಗಾಲ್ವನೈಸಿಂಗ್ ಕಾರ್ಖಾನೆ, ತಪಾಸಣೆ ಕೋಣೆ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಮೊಳೆ,

ಹೇಗಿದ್ದೀಯ? ಇದ್ದೀಯ ತಾನೇ? ಕಾಗದ ಬರೆಯುವವರೆಲ್ಲ ಮೊದಲ ಸಾಲಿನಲ್ಲಿ ಸುಮ್ಮನೆ ಕೇಳುವ ಪ್ರಶ್ನೆ ಇದು. ನಾನು ಮಾತ್ರ ನಿಜವಾಗಿಯೂ ಕೇಳುತ್ತಿದ್ದೇನೆ. ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ ಇಲ್ಲವೋ, ವೆಲ್ಡಿಂಗ್ ಹೊಗೆ ಕುಡಿದು ಹಿಡಿಸಿಕೊಂಡ ಆ ಒಣಕೆಮ್ಮು ಬಿಟ್ಟಿತೋ ಇಲ್ಲವೋ, ಈಗಲಾದರೂ ಮೈಮೇಲೆ ಸ್ವಲ್ಪ ಮಾಂಸ ಬಂದಿದೆಯೋ ಅಥವಾ ಅಪ್ಪ ಇಟ್ಟ ಹೆಸರಿಗೆ ತಕ್ಕಂತೆ ಮೊಳೆಯಾಗಿಯೇ ಉಳಿದಿದ್ದೀಯೋ. ನಾವಿಲ್ಲಿ ಕ್ಷೇಮ. ನಾವು ಎಂದರೆ ನಾನು, ನಿನ್ನ ಭಾವ ಮತ್ತು ಅಪ್ಪ. ಹೌದು, ಅಪ್ಪ. ನಿಂತುಕೊಂಡು ಓದುತ್ತಿದ್ದರೆ ಕುಳಿತುಕೋ. ಅಪ್ಪ ಸಾಯಲಿಲ್ಲ ಕಣೋ. ಆ ದಿನ ಮುಖದ ಮೇಲೆ ಬಟ್ಟೆ ಹೊದಿಸಿ ಎತ್ತಿಕೊಂಡು ಹೋದದ್ದನ್ನು ನೀನು ಗೇಟಿನ ಹತ್ತಿರ ನಿಂತು ನೋಡಿದೆಯಂತೆ, ಕಾವಲುಗಾರ ಆಮೇಲೆ ಹೇಳಿದ. ನೋಡಿ ಏನು ತಿಳಿದುಕೊಂಡಿರಬೇಕು ಎಂದು ನಾನು ಊಹಿಸಬಲ್ಲೆ. ಸುಟ್ಟ ಮುಖಕ್ಕೆ ಧೂಳು ತಾಗದಿರಲಿ ಎಂದು ಹಾಕಿದ ಒದ್ದೆ ಬಟ್ಟೆ ಅದು. ಎರಡು ಕಣ್ಣೂ ಹೋದವು, ಜೀವ ಉಳಿಯಿತು.

ಭಾವ ಯಾರು ಎಂದು ಕೇಳುತ್ತೀಯ. ಕ್ರೇನ್ ಓಡಿಸುವ ಮೌನಿ. ಬಾಯಲ್ಲಿ ಸದಾ ನೀರು ತುಂಬಿಕೊಂಡವರ ಹಾಗೆ ಇರುತ್ತಾನೆ ಎಂದು ನೀನು ಅಣಕಿಸುತ್ತಿದ್ದೆಯಲ್ಲ, ಅವರೇ. ನಗಬೇಡ. ಇಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡುವುದರಿಂದ ಸಂಸಾರ ಜಗಳವಿಲ್ಲದೆ ನಡೆದಿದೆ. ದಿನಾ ಬೆಳಗ್ಗೆ ಅಪ್ಪನ ಕೈ ಹಿಡಿದು ಕಾರ್ಖಾನೆಗೆ ಕರೆತಂದು, ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ಮೇಲೆತ್ತಿದ ಕಬ್ಬಿಣದ ಮಾಲನ್ನು ಆರಲು ಹಾಕುವ ಕಡೆ ಸ್ಟೂಲು ಹಾಕಿ ಕೂರಿಸುವವರು ಅವರೇ. ಮನೆಯಲ್ಲಿ ಕೂತಿರು ಎಂದರೆ ಅಪ್ಪ ಕೇಳುವುದಿಲ್ಲ. ಮೇಸ್ತ್ರಿಯಾಗಿ ಅಷ್ಟು ವರ್ಷ ತೊಟ್ಟಿ ಕಾಯ್ದವನು, ಸತುವಿನ ವಾಸನೆ ಇಲ್ಲದಿದ್ದರೆ ಅವನಿಗೆ ಉಸಿರೇ ಕಟ್ಟುತ್ತದೆ. ನಾನು ಈಗ ಇಲ್ಲೇ ತಪಾಸಣೆ ಮಾಡುತ್ತೇನೆ. ಒಂದೊಂದು ಆಂಗಲ್‌ನ ಮೇಲೂ ಸತು ಎಷ್ಟು ದಪ್ಪ ಕೂತಿದೆ, ಎಲ್ಲಾದರೂ ಬೋಳು ಉಳಿದಿದೆಯೇ, ಅಂಚಿನಲ್ಲಿ ಗಂಟು ಕಟ್ಟಿದೆಯೇ ಎಂದು ಮೀಟರ್ ಇಟ್ಟು, ಕೈಯಾಡಿಸಿ ನೋಡುವ ಕೆಲಸ. ಬಿಸಿಲು, ಉಪ್ಪುಗಾಳಿ ಏನೇ ಬಂದರೂ ಬಯಲಲ್ಲಿ ನಿಂತು ತಡೆಯಬೇಕಾದ ಕಬ್ಬಿಣ ಅದು. ನಾನು ಸರಿ ಎಂದರೆ ಮಾತ್ರ ಗೇಟು ದಾಟುತ್ತದೆ.

ಆ ದಿನದ ವಿಷಯ ಬರೆಯದೆ ಇರಲಾರೆ. ಆಗ ನೀನಿದ್ದ ವರ್ಕ್‌ಶಾಪಿನಿಂದ ಬಂದ ಆ ಕಂಬ. ಎರಡು ಆಂಗಲ್‌ಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ಸುತ್ತಲೂ ಒಂದು ಕೂದಲು ತೂರದ ಹಾಗೆ ವೆಲ್ಡ್ ಮಾಡಿದ್ದೆ. ಎಷ್ಟು ಚೆಂದದ ವೆಲ್ಡಿಂಗ್ ಎಂದು ಎಲ್ಲರೂ ಮೆಚ್ಚಿದ್ದರು. ನಡುವಿನ ಸಂದಿಗೆ ಉಸಿರಾಡಲು ಒಂದು ತೂತು ಕೊರೆಯುವುದನ್ನು ಮಾತ್ರ ಮರೆತಿದ್ದೆ. ಒಳಗೆ ಸಿಕ್ಕಿಕೊಂಡ ತೇವ, ಕಾದು ಕರಗಿದ ಸತುವಿಗೆ ಇಳಿದೊಡನೆ ಆವಿಯಾಗಿ ಸಿಡಿಯಿತು. ಆ ಸದ್ದು ನನಗೆ ಇನ್ನೂ ಕೇಳುತ್ತದೆ. ಕುಕ್ಕರ್ ಕೂಗುವ ಮುಂಚೆ ಒಂದು ಕ್ಷಣ ಸುಮ್ಮನಾಗುತ್ತದಲ್ಲ, ಆಗೆಲ್ಲ ನಾನು ಅಡುಗೆಮನೆಯಿಂದ ಆಚೆ ಬಂದು ನಿಲ್ಲುತ್ತೇನೆ. ಅಪ್ಪ ಮಾತ್ರ ಆಸ್ಪತ್ರೆಯಲ್ಲಿ ಬಾಯಿ ಬಂದ ದಿನದಿಂದ ಒಂದೇ ಮಾತು ಹೇಳಿಕೊಂಡು ಬಂದಿದ್ದಾನೆ: "ತೂತು ಇದ್ಯಾ ಇಲ್ವಾ ನೋಡ್ಬೇಕಾಗಿದ್ದು ತೊಟ್ಟಿಗೆ ಇಳಿಸೋನು. ನಾನು ನೋಡ್ಲಿಲ್ಲ. ಹುಡುಗಂದೇನು ತಪ್ಪು?" ನಿನ್ನನ್ನು ಯಾರೂ ಏನೂ ಅಂದಿರಲಿಲ್ಲ ಮೊಳೆ. ಕುಂಬಳಕಾಯಿ ಕಳ್ಳ ಎನ್ನುವ ಮುಂಚೆಯೇ ಹೆಗಲು ಮುಟ್ಟಿ ನೋಡಿಕೊಂಡು ಓಡಿದೆ.

ಓಡಿದವನು ಓಡಿದೆ, ಕೆಲಸದ ಬೂಟುಗಳನ್ನು ಕಾಲುವೆಯ ಮೆಟ್ಟಿಲ ಮೇಲೆ ಯಾಕೆ ಬಿಟ್ಟು ಹೋದೆ? ಜೋಡಿಸಿ ಇಟ್ಟಿದ್ದೆ, ಬಾಗಿಲ ಹೊರಗೆ ಬಿಡುವ ಹಾಗೆ. ಊರವರೆಲ್ಲ ಸೇರಿ ನೀರು ಜಾಲಾಡಿದರು. ಏನೂ ಸಿಗಲಿಲ್ಲ. ಸಿಗದೇ ಹೋದದ್ದೇ ನಮಗೆ ಅಂಟಿಕೊಂಡಿತು. ಕೊಂಡಿಗೆ ನೇತುಹಾಕಿದ ಮಾಲು ಸತುವಿಗೆ ಇಳಿದಾಗ ಏಳುವ ಬಿಳಿ ಹೊಗೆಯಲ್ಲಿ, ತೊಟ್ಟಿಯ ಆಚೆ ಬದಿಯಲ್ಲಿ ನೀನು ಎಡಗೈ ಸೊಂಟಕ್ಕಿಟ್ಟುಕೊಂಡು ನಿಂತಿರುತ್ತಿದ್ದೆ. ಹೊಗೆ ಕರಗಿದರೆ ಅಲ್ಲಿ ಬರೀ ಗೋಡೆ. ಸತುವಿನ ಮೇಲಿನ ಬೂದಿಯನ್ನು ಪಕ್ಕಕ್ಕೆ ಎಳೆದಾಗ ಕೆಳಗೆ ಕನ್ನಡಿ ಕಾಣುತ್ತದಲ್ಲ, ಅದರಲ್ಲಿ ಬಗ್ಗಿ ನೋಡಲು ನಾನು ಇಂದಿಗೂ ಹೆದರುತ್ತೇನೆ. ಒಮ್ಮೆ ನನ್ನ ಮುಖದ ಪಕ್ಕ ಇನ್ನೊಂದು ಮುಖ ಕಂಡಿತ್ತು. ನಿನ್ನ ಭಾವನಿಗೆ ಹೇಳಿದೆ. "ನಂಗೂ ಕಾಣುತ್ತೆ" ಎಂದರು, ಅಷ್ಟೇ. ಮಾಲು ಆರುವಾಗ ಟಿಕ್ ಟಿಕ್ ಎನ್ನುತ್ತದೆ, ಕಬ್ಬಿಣ ತಣ್ಣಗಾಗಿ ಕುಗ್ಗುವ ಸದ್ದು, ನಮಗೆಲ್ಲ ಗೊತ್ತಿರುವುದೇ. ಆದರೂ ಅಪ್ಪ ಪ್ರತಿ ಸಲ ಕುತ್ತಿಗೆ ತಿರುಗಿಸಿ, "ಬಂದ್ನಾ?" ಎಂದು ಕೇಳುತ್ತಿದ್ದ. ಯಾರು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಈ ಕೆಲವು ತಿಂಗಳಿಂದ ಅದನ್ನು ಕೇಳುವುದನ್ನೂ ಬಿಟ್ಟಿದ್ದಾನೆ. ಆಸೆಯನ್ನೇ ಬಿಟ್ಟುಬಿಟ್ಟನೇನೋ.

ಈಗ ಈ ಕಾಗದ ಯಾಕೆ ಎಂಬುದಕ್ಕೆ ಬರುತ್ತೇನೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸದೊಂದು ವರ್ಕ್‌ಶಾಪಿನಿಂದ ಮಾಲು ಬರಲು ಶುರುವಾಯಿತು. ಸಮುದ್ರದ ದಂಡೆಯಲ್ಲಿ ಓಡಾಡಲು ಕಟ್ಟುವ ಉದ್ದದ ಸೇತುವೆಗೆ ಬೇಕಾದ ಆಂಗಲ್‌ಗಳು. ನಾನು ಎಂದಿನಂತೆ ತುದಿಯಲ್ಲಿ ಸುತ್ತಿಗೆಯಿಂದ ಪಂಚ್ ಹೊಡೆದು ಕೊರೆದ ನಂಬರ್ ನೋಡಿ ಬರೆದುಕೊಳ್ಳುತ್ತಿದ್ದೆ. ಒಂದು, ನಾಲ್ಕು, ಏಳು. ಏಳನ್ನು ನೋಡಿದ್ದೇ ಪೆನ್ನು ಕೆಳಗಿಟ್ಟು ಬಗ್ಗಿದೆ. ಉಳಿದ ಅಂಕಿಗಳು ನೆಟ್ಟಗೆ ಸಾಲಾಗಿ ನಿಂತಿವೆ, ಏಳು ಮಾತ್ರ ಸಾಲು ಬಿಟ್ಟು ಕೆಳಗಿಳಿದು, ಎಡಕ್ಕೆ ವಾಲಿ, ಗೋಡೆಗೆ ಒರಗಿದವನ ಹಾಗೆ ನಿಂತಿದೆ. "ನಿನ್ನ ಏಳು ಯಾಕೋ ಯಾವಾಗ್ಲೂ ಕುಡಿದು ಬಿದ್ದಂಗಿರುತ್ತೆ?" ಎಂದು ಅಪ್ಪ ನಿನ್ನನ್ನು ಬೈಯುತ್ತಿದ್ದುದು ನೆನಪಿದೆಯಾ? "ಎಡಗೈಯಲ್ಲಿ ಹೊಡೆದ್ರೆ ಅದು ಹಂಗೇ ನಿಲ್ಲೋದು" ಎಂದು ನೀನು ಗೊಣಗುತ್ತಿದ್ದೆ. ಆ ಲಾಟಿನಲ್ಲಿದ್ದ ಏಳುಗಳನ್ನೆಲ್ಲ ಹುಡುಕಿದೆ. ಎಲ್ಲವೂ ಕುಡಿದವೇ.

ಅದೊಂದೇ ಆಗಿದ್ದರೆ ನನ್ನ ಭ್ರಮೆ ಎಂದುಕೊಳ್ಳುತ್ತಿದ್ದೆ. ಭ್ರಮೆಗೆ ಇಲ್ಲಿ ಬರವಿಲ್ಲ. ಆದರೆ ಆ ತೂತುಗಳು. ಬೆನ್ನಿಗೆ ಬೆನ್ನು ಕೂಡಿಸಿದ ಆಂಗಲ್‌ಗಳಿಗೆ ಒಂದು ತೂತು ಸಾಕಾದ ಕಡೆ ಮೂರು, ನಾಲ್ಕು. ಹೋಗಲಿ ಎಂದರೆ ಒಂಟಿ ಆಂಗಲ್‌ಗೂ ತೂತು. ಒಂಟಿ ಆಂಗಲ್‌ನಲ್ಲಿ ತೇವ ಸಿಕ್ಕಿಕೊಳ್ಳಲು ಜಾಗವಾದರೂ ಎಲ್ಲಿದೆ? ಇಲ್ಲಿನ ಹುಡುಗರು, "ಯಾವನಪ್ಪಾ ಇವನು, ಕಬ್ಬಿಣಾನ ಜರಡಿ ಮಾಡವ್ನೆ" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ. ಯಾರೋ ಒಬ್ಬ, ಎಲ್ಲೋ ಕುಳಿತು, ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಕೊರೆದೇ ಕೊರೆಯುತ್ತಿದ್ದಾನೆ. ಅವನಿಗೆ ಒಳ್ಳೆಯ ನಿದ್ದೆ ಬರುವುದಿಲ್ಲ ಎಂದು ನನಗೆ ಆ ತೂತುಗಳನ್ನು ನೋಡಿಯೇ ಗೊತ್ತಾಯಿತು. ಅವನು ನೀನಾಗಿದ್ದರೆ, ಸಾಕು ನಿಲ್ಲಿಸು ಮಾರಾಯ. ಅಪ್ಪ ಬದುಕಿದ್ದಾನೆ.

ಆ ವರ್ಕ್‌ಶಾಪಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳಿ ಕೇಳಿದೆ. ಅಂಥವರು ಯಾರೂ ಇಲ್ಲ ಎಂದರು. ಹೆಸರು ಬದಲಿಸಿಕೊಂಡಿರುತ್ತೀಯ, ಅಥವಾ ನಿಜಕ್ಕೂ ಇಲ್ಲವೋ ಏನೋ. ಮಾಲು ತರುವ ಲಾರಿಯ ಡ್ರೈವರನ್ನು ಕೂರಿಸಿ ಚಹಾ ಕೊಟ್ಟು ವಿಚಾರಿಸಿದೆ. "ನಂಬರ್ ಹೊಡೆಯೋರು ಒಬ್ರು ಎಡಚರು ಇದಾರಮ್ಮ. ಯಾರ ಜೊತೇನೂ ಸೇರಲ್ಲ. ಗಾಲ್ವನೈಸಿಂಗ್‌ಗೆ ಹೋಗ್ತಾ ಇದೀನಿ, ಬರ್ತೀರಾ ಅಂದ್ರೆ ಎದ್ದು ಒಳಗೆ ಹೋಗ್ಬಿಡ್ತಾರೆ" ಎಂದ. ನಾನೇ ಅಲ್ಲಿಗೆ ಬರಬಹುದಿತ್ತು, ಒಂದು ದಿನದ ದಾರಿ. ಎರಡು ಸಲ ಹೊರಟು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ. ನನ್ನ ಮುಖ ಕಂಡರೆ ಎಲ್ಲಿ ಮತ್ತೆ ಓಡಿಬಿಡುತ್ತೀಯೋ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ, ಅಲ್ಲಿ ತಿರುಗಿ ನೋಡುವ ಮುಖ ಬೇರೆ ಯಾರದ್ದೋ ಆಗಿದ್ದರೆ ಎಂಬುದು. ಲೋಕದಲ್ಲಿ ಎಡಚರು ನೀನೊಬ್ಬನೇ ಅಲ್ಲವಲ್ಲ. ಹೀಗೆ ಅರೆಬರೆ ಬದುಕಿರುವ ತಮ್ಮನೇ ವಾಸಿ ಎನಿಸಿಬಿಟ್ಟಿತು ನೋಡು, ಎಂಥ ಹೇಡಿ ನಾನು.

ಅಪ್ಪನಿಗೆ ಇದರಲ್ಲಿ ಒಂದಕ್ಷರವೂ ಹೇಳಿಲ್ಲ. ಒಮ್ಮೆ ನಿನ್ನನ್ನು ಕಾಲುವೆಗೆ ಕೊಟ್ಟು ಕುಳಿತವನು. ನಿನ್ನ ಮಗ ಸಿಕ್ಕಿದ ಎಂದು ಹೇಳಿ, ಆಮೇಲೆ ಇಲ್ಲ, ಅವನಲ್ಲ ಎಂದರೆ ಆ ಜೀವ ತಡೆಯುವುದಿಲ್ಲ. ಈಗೀಗ ಊಟವೂ ಕಡಿಮೆಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಹೆಚ್ಚು ದಿನ ಕಾಯುವ ಹಾಗಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಹೇಳದೆ ಕಳಿಸಿಕೊಡಲೂ ನನಗೆ ಮನಸ್ಸಿಲ್ಲ. ಮಗ ನೀರಲ್ಲಿ ಮುಳುಗಿದ, ಅದು ತನ್ನಿಂದ ಎಂದುಕೊಂಡೇ ಅವನು ಹೋಗಬಾರದು.

ಅದಕ್ಕೆ ಹೀಗೆ ಮಾಡೋಣ. ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಈ ದಿನ ಆ ವರ್ಕ್‌ಶಾಪಿಗೆ ವಾಪಸು ಹೊರಡುವ ಮಾಲಿನ ಕಟ್ಟಿನ ನಡುವೆ, ಏಳು ಇರುವ ಒಂದು ಆಂಗಲ್‌ನ ಒಳಮೂಲೆಗೆ ತಂತಿಯಿಂದ ಬಿಗಿಯುತ್ತೇನೆ. ಕಟ್ಟು ಬಿಚ್ಚಿ ನಂಬರ್ ಹೊಂದಿಸುವವನ ಕೈಗೇ ಸಿಗಬೇಕು. ನೀನು ನೀನೇ ಆಗಿದ್ದರೆ, ಮುಂದಿನ ಲಾಟಿನಲ್ಲಿ ಏಳನ್ನು ಒಂದೇ ಒಂದು ಸಲ ನೆಟ್ಟಗೆ ಹೊಡೆದು ಕಳಿಸು. ಚಾಕ್‌ಪೀಸಿನಲ್ಲೋ ಪೇಂಟಿನಲ್ಲೋ ಏನಾದರೂ ಬರೆದು ಕಳಿಸೀಯೆ, ಸತುವಿಗೆ ಮುಂಚೆ ಅದ್ದುವ ಆಸಿಡ್ ತೊಟ್ಟಿ ಅದನ್ನೆಲ್ಲ ನೆಕ್ಕಿಬಿಡುತ್ತದೆ; ಪಂಚ್ ಹೊಡೆದದ್ದು ಮಾತ್ರ ಸತುವಿನ ಕೆಳಗೂ ಉಳಿಯುತ್ತದೆ. ನೆಟ್ಟಗಿನ ಏಳು ನೋಡಿದ ದಿನವೇ ಅಪ್ಪನ ಮುಂದೆ ಕುಳಿತು ಎಲ್ಲವನ್ನೂ ಹೇಳುತ್ತೇನೆ. ನೀನು ಬರುವುದು ಬಿಡುವುದು ಆಮೇಲಿನ ಮಾತು. ಬಂದರೆ ಮೊದಲು ಕೆನ್ನೆಗೆ ಎರಡು ಬಾರಿಸುತ್ತೇನೆ, ಈಗಲೇ ಹೇಳಿರುತ್ತೇನೆ.

ಇದನ್ನು ಓದುತ್ತಿರುವವರು ಬೇರೆ ಯಾರಾದರೂ ಆಗಿದ್ದರೆ, ಅಣ್ಣಾ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಏಳನ್ನು ನೋಡಿ ಇಷ್ಟು ದಿನ ನಾನು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ನಿಮಗೆ ಒಳ್ಳೆಯದಾಗಲಿ.

ಮೊಳೆ, ನಿನ್ನ ಕಣ್ಣು ಕೈ ತಣ್ಣಗಿರಲಿ. ಭಾವ ನೆನಪು ಹೇಳಿದ್ದಾರೆ. ಅಂದರೆ ನಾನು ಕೇಳಿದಾಗ ತಲೆಯಾಡಿಸಿದ್ದಾರೆ.

ನಿನ್ನ ಜಗಳಗಂಟಿ,
ಅಕ್ಕ

ತಾ.ಕ.: ಲೋಡ್ ಮಾಡುತ್ತಿದ್ದಾರೆ, ಪುರುಸೊತ್ತಿಲ್ಲ. ಕಾಗದ ಕಟ್ಟಲು ಹೋದರೆ ಅಪ್ಪ ಸ್ಟೂಲು ಬಿಟ್ಟು ಕಟ್ಟಿನ ಪಕ್ಕ ನೆಲದಲ್ಲೇ ಕುಳಿತಿದ್ದ. ಒಂದೊಂದೇ ತುದಿ ತಡವುತ್ತಾ ಬಂದು ಒಂದು ಏಳಿನ ಮೇಲೆ ಹೆಬ್ಬೆರಳು ನಿಲ್ಲಿಸಿದ. ನಾನು ಬಂದದ್ದು ಗೊತ್ತಾಗಿ, "ಇನ್ನೂ ಸೊಟ್ಟಗೇ ಹೊಡೀತಾನೆ ನೋಡು" ಎಂದ. ಮೊದಲ ಲಾಟಿನ ದಿನವೇ ಅವನಿಗೆ ಗೊತ್ತಾಗಿತ್ತಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, "ಅವನಲ್ಲ ಅಂತಾದ್ರೆ ನೀನು ತಡ್ಕೊಳಲ್ಲ" ಎಂದ. ಪ್ರತಿ ಲಾಟಿಗೂ ಹೀಗೇ ಹುಡುಕಿ, ಸೊಟ್ಟ ಏಳು ಕೈಗೆ ಸಿಕ್ಕ ಮೇಲೆಯೇ ಆ ದಿನ ಮನೆಗೆ ಹೊರಡುತ್ತಾನಂತೆ, ನಿನ್ನ ಭಾವನಿಗೂ ಗೊತ್ತಂತೆ, ಬಾಯಿ ಬಿಟ್ಟಿಲ್ಲ. ಮೇಲೆ ನಾನು ಬರೆದದ್ದನ್ನು ಮರೆತುಬಿಡು. ನೆಟ್ಟಗೆ ಹೊಡೆಯಬೇಡ. ನೆಟ್ಟಗಿನ ಏಳು ಕೈಗೆ ತಾಗಿದರೆ ನೀನು ಹೋದೆ, ಬೇರೆ ಯಾರೋ ಬಂದಿದ್ದಾರೆ ಎಂದುಕೊಳ್ಳುತ್ತಾನೆ. ಬರಲು ಧೈರ್ಯ ಬಂದರೆ ಈ ಲಾರಿಯಲ್ಲೇ ಬಾ. ಅಲ್ಲಿಯವರೆಗೆ, ನನ್ನಾಣೆ, ಸೊಟ್ಟಗೇ ಹೊಡೆ.