ಒಂಬತ್ತೂವರೆಯ ಮೆಸೇಜು

ಮನೆ, ಊಟದ ಮೇಜು
ಭಾನುವಾರ, ಜೂನ್ ೧೪

ಪ್ರೀತಿಯ ಡಂಗುರಾ,

ಹೇಗಿದ್ದೀಯ? ಸೊಂಟ ಹೇಗಿದೆ? ಲಿಫ್ಟ್ ರಿಪೇರಿಗೆಂದು ಆ ಗುಂಡಿಗಳಲ್ಲಿ ಇಳಿದು ಬಗ್ಗಿ ಬಗ್ಗಿ ಹಿಡಿದುಕೊಂಡಿರಬೇಕು. ನೇರ ಸೊಂಟದಿಂದಲೇ ಶುರು ಮಾಡಿದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ನಿನ್ನ ಭಾವ ಎಂದಿನಂತೆ ಇದ್ದಾರೆ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ. ನನ್ನ ತಲೆ ಪೂರ್ತಿ ನೆರೆತಿದೆ, ಬಣ್ಣ ಹಚ್ಚುವುದು ಬಿಟ್ಟೆ. ಮೂರು ವರ್ಷದಲ್ಲಿ ಆದದ್ದು ಇಷ್ಟೇ ಅನ್ನುವ ಹಾಗಿಲ್ಲ, ಆದರೆ ಆರೋಗ್ಯದ ಮಟ್ಟಿಗೆ ಇಷ್ಟೇ.

ನಾನೀಗ ಕೆಲಸಕ್ಕೆ ಹೋಗುತ್ತೇನೆ. ಮನೆಗೆ ಔಷಧಿ ತಲುಪಿಸುವ ಆ್ಯಪ್ ಒಂದರ ಆಫೀಸು. ಹೊಸಬರು ಬಂದಾಗ, ಅವರು ಕೊಟ್ಟ ಫೋನ್ ನಂಬರ್ ಅವರದೇ ಹೌದೋ ಅಂತ ನೋಡಲು ಆರು ಅಂಕಿಯ ಸಂಖ್ಯೆಯೊಂದನ್ನು ಮೆಸೇಜಿನಲ್ಲಿ ಕಳಿಸುತ್ತಾರೆ. ಅದನ್ನು ಆ್ಯಪಿನಲ್ಲಿ ಹಾಕಿದರೆ ಒಳಗೆ ಬಿಡುತ್ತದೆ. ಆ ಮೆಸೇಜಿನ ಕನ್ನಡ ನನ್ನದು. ಎಪ್ಪತ್ತು ಅಕ್ಷರದೊಳಗೆ ಮುಗಿಯಬೇಕು, ಒತ್ತು, ಕೊಂಬು, ಗುಡಿಸು ಎಲ್ಲ ಸೇರಿ. ದಾಟಿದರೆ ಎರಡಾಗಿ ಒಡೆಯುತ್ತದೆ. ಎಂ.ಎ.ಗೆ ಓದಿದ ಕವಿತೆಗಳೆಲ್ಲ ಕೊನೆಗೆ ಒಂದು ಸಾಲನ್ನು ಬಿಗಿಯಲು ಉಪಯೋಗಕ್ಕೆ ಬಂದವು ನೋಡು. ಸಂಖ್ಯೆಯ ನಂತರ ನಾನು ಬರೆದದ್ದು, 'ಯಾರಿಗೂ ಹೇಳಬೇಡಿ, ಮನೆಯವರಿಗೂ.' ಕೊನೆಯ ಪದ ಹೆಚ್ಚಾಯಿತು ಅಂದರು ಮ್ಯಾನೇಜರ್. ಜಗಳವಾಡಿ ಉಳಿಸಿಕೊಂಡೆ. ಅದೆಲ್ಲಿಂದ ಬಂತೆಂದು ನಿನಗೆ ಬಿಡಿಸಿ ಹೇಳಬೇಕೆ? ಅಮ್ಮನ ಗಾಜಿನ ಹೂಜಿ ಒಡೆದ ದಿನ ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ಬೀರುವಿನ ಹಿಂದೆ ತುರುಕಿ, ಇದೇ ಮಾತು ಹೇಳಿ ನಿನ್ನ ಕಿವಿ ಹಿಂಡಿದ್ದೆ. ಹತ್ತು ನಿಮಿಷದೊಳಗೆ ಎದುರುಮನೆಯ ದರ್ಜಿಗೂ ಗೊತ್ತಾಗಿತ್ತು! ಅಂದಿನಿಂದ ನೀನು ಡಂಗುರ, ನಾನು ಬೀಗಕ್ಕ.

ಮೆಸೇಜು ಸರಿಯಾಗಿ ಹೋಗುತ್ತಿದೆಯೇ ಅಂತ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಕಳಿಸಿ ನೋಡುವುದೂ ನನ್ನ ಕೆಲಸ. ಅದಕ್ಕೆಂದೇ ಆಫೀಸಿನ ಫೋನೊಂದಿದೆ. ನಾನು ಸೇರಿದ ದಿನ ಅದರ ಚಾರ್ಜ್ ಮುಗಿದಿತ್ತು. ಯಾವುದಾದರೂ ನಂಬರ್ ಹಾಕಿ ಮೇಡಂ ಅಂದಳು ಪಕ್ಕದ ಕುರ್ಚಿಯ ಹುಡುಗಿ. ಬೆರಳು ನಿನ್ನ ನಂಬರ್ ಒತ್ತಿತು; ನನಗೆ ಬಾಯಿಪಾಠ ಬರುವುದು ಅದೊಂದೇ. ಪರದೆಯ ಮೇಲೆ 'ತಲುಪಿದೆ' ಅಂತ ಬಂತು. ಮೂರು ವರ್ಷದ ಹಿಂದೆ ಅಮ್ಮ ಕಾಯಿಲೆಯಿಂದ ಹೋದ ಮೇಲೆ ಬಂದು, 'ನನಗೂ ಹೇಳಲಿಲ್ಲವಲ್ಲೇ' ಅಂದು, ನೀರೂ ಕುಡಿಯದೆ ಹೊರಟುಹೋದವನು ನೀನು. ಆಮೇಲೆ ನನ್ನ ಒಂದು ಕರೆಯನ್ನೂ ಎತ್ತಲಿಲ್ಲ. 'ತಲುಪಿದೆ' ಅನ್ನುವ ಆ ಒಂದು ಪದ ನೋಡಿ, ಇದ್ದಾನೆ ಅಂದುಕೊಂಡೆ. ಮಾರನೆಯ ದಿನ ಆಫೀಸಿನ ಫೋನು ಚಾರ್ಜ್ ಆಗಿತ್ತು. ನಾನು ನಿನ್ನ ನಂಬರನ್ನೇ ಹಾಕಿದೆ. ರಜೆ ಬಿಟ್ಟು ದಿನಕ್ಕೊಂದು, ಎರಡು ವರ್ಷ. ಮನಸ್ಸು ಮಾಡಿದ್ದರೆ ಆ ಕಾಟವನ್ನು ನೀನು ಬ್ಲಾಕ್ ಮಾಡಬಹುದಿತ್ತು.

ಮೊನ್ನೆ ಗುರುವಾರ ಪಕ್ಕದ ಹುಡುಗಿ ಕೂಗಿಕೊಂಡಳು, 'ಮೇಡಂ, ನಿಮ್ಮ ಟೆಸ್ಟ್ ನಂಬರಲ್ಲಿ ಯಾರೋ ನಿಜವಾಗ್ಲೂ ಆರ್ಡರ್ ಮಾಡಿದಾರೆ! ಇದ್ಯಾವ ಹೆಸರು ನೋಡಿ!' ನೋಡಿದೆ. ಹೆಸರು: ಬೀಗಕ್ಕನ ತಮ್ಮ. ಬೇಕಾದದ್ದು: ಸೊಂಟನೋವಿನ ಮುಲಾಮು, ಒಂದು. ಸೂಚನೆ: 'ಒಂಬತ್ತೂವರೆಗೆ ಬರಬೇಡಿ, ಆಗ ನನಗೊಂದು ಮೆಸೇಜ್ ಬರುತ್ತೆ.' ವಿಳಾಸ ಮಾತ್ರ ಮಹಡಿ, ಬಾಗಿಲ ನಂಬರ್ ಸಮೇತ ಪೂರ್ತಿ. ನಗುತ್ತಾ ಅಳುತ್ತಾ ಮ್ಯಾನೇಜರ್ ಮುಂದೆ ಹೋಗಿ ಎರಡು ವರ್ಷದ ಕಳ್ಳತನ ಒಪ್ಪಿಕೊಂಡೆ. ಚೆನ್ನಾಗಿ ಬೈದರು. ನಾಳೆಯಿಂದ ಆಫೀಸಿನ ಫೋನಿಗೇ ಕಳಿಸಬೇಕು ಅಂದರು. ಗ್ರಾಹಕರ ವಿಳಾಸ ಬರೆದುಕೊಳ್ಳುವುದು ನಮ್ಮಲ್ಲಿ ತಪ್ಪು. ಈ ಒಂದನ್ನು ಬರೆದುಕೊಳ್ಳಲೇ ಅಂತ ಕೇಳಿದ್ದಕ್ಕೆ, ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಹಾಗಾಗಿ ಶುಕ್ರವಾರದಿಂದ ನಿನಗೆ ಮೆಸೇಜು ಬಂದಿಲ್ಲ. ಅಕ್ಕನಿಗೆ ಸಾಕಾಯಿತು ಅಂದುಕೊಳ್ಳಬೇಡ. ಫೋನ್ ಮಾಡಬಹುದಿತ್ತು, ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಮಾತಾಡಿಬಿಡುತ್ತೇನೆಂಬ ಹೆದರಿಕೆ.

ಮುಲಾಮು ಮೆಲ್ಲಗೆ ಹಚ್ಚು, ನಿನ್ನ ಅವಸರದಲ್ಲಿ ಚರ್ಮ ಕಿತ್ತುಬರುವ ಹಾಗೆ ಉಜ್ಜಬೇಡ. ಭಾವ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಮೈಕೈ ನೋವಿಲ್ಲದೆ ಬಾಳು.

ನಿನ್ನ,
ಬೀಗಕ್ಕ

ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಇದನ್ನು ಬರೆಯಲೆಂದೇ ಮೇಲಿನದನ್ನೆಲ್ಲ ಬರೆದೆ. 'ಹೊಸ ಕೆಲಸ, ಬಿಟ್ಟು ಓಡಿ ಬರ್ತಾನೆ, ಅವನಿಗೆ ಹೇಳಬೇಡ' ಅಂತ ಅಮ್ಮ ಅಂದದ್ದು ನಿಜ. ನಿನಗೆ ಅಷ್ಟನ್ನೇ ಹೇಳಿದ್ದೆ. ಹೋಗುವ ಮೂರು ದಿನ ಮೊದಲು ಅವಳೇ 'ಅವನನ್ನ ಕರೆಸು' ಅಂದಳು. ಸುಧಾರಿಸುತ್ತಾಳೆ, ಇನ್ನೆರಡು ದಿನ ನೋಡೋಣ ಅಂದುಕೊಂಡವಳು ನಾನು. ಅಮ್ಮ ನಿನ್ನನ್ನು ಕೇಳಿದ್ದಳು, ತಮ್ಮಾ. ಇದನ್ನು ನೀನು ಯಾರಿಗೆ ಬೇಕಾದರೂ ಹೇಳು. ನನ್ನನ್ನು ಬೈಯಬೇಕು ಅನ್ನಿಸಿದರೆ ಫೋನ್ ಮಾಡಿಯೇ ಬೈ. ನನ್ನ ನಂಬರ್ ಹಳೆಯದೇ. ದಿನಾ ಒಂಬತ್ತೂವರೆಗೆ ಕೈಯಲ್ಲಿ ಹಿಡಿದು ಕೂತಿರುತ್ತೇನೆ.